ವಿಡಿಯೊ ಕರೆಯಲ್ಲಿ ಮಗಳ ನೋವು ವೈದ್ಯರಿಗೆ ತಿಳಿಯುತ್ತದೆಯೇ?

ಪ್ರಶ್ನೆ: ನಮ್ಮದು ಹಾನಗಲ್ ತಾಲ್ಲೂಕಿನ ಹಳ್ಳಿ. ಐದು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್ ಮರುಕಳಿಸಿದೆ. ಗುಣಪಡಿಸುವ ಚಿಕಿತ್ಸೆ ಇನ್ನಿಲ್ಲ, ನೋವಾಗದಂತೆ ಮನೆಯಲ್ಲೇ ನೋಡಿಕೊಳ್ಳಿ, ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಮಾತನಾಡೋಣ ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದಾರೆ. ಮುಟ್ಟಿ ನೋಡದೆ ಅವರಿಗೇನು ತಿಳಿದೀತು? ನಮ್ಮನ್ನು ಕೈಬಿಟ್ಟರೇ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಕೈಬಿಡುವವರು ವಾರವಾರವೂ ಮಾತನಾಡೋಣ ಎನ್ನುವುದಿಲ್ಲ, ತಾಯಿ. ನಿಶ್ಶಕ್ತಳಾದ ಮಗುವನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದು, ಸಾಲಿನಲ್ಲಿ ಕೂರಿಸಿ, ರಾತ್ರಿ ಮನೆ ಸೇರುವ ಸಂಕಟ ತಪ್ಪುವುದೇ ದೊಡ್ಡ ಉಪಶಮನ.

ನೋವಿನ ವಿಷಯದಲ್ಲಿ ವೈದ್ಯರಿಗೆ ನಿಮ್ಮ ಕಣ್ಣೇ ಆಧಾರ. ಚಿಕ್ಕ ಮಕ್ಕಳ ನೋವನ್ನು ಐದು ಸಂಗತಿಗಳಿಂದ ಅಳೆಯುತ್ತಾರೆ: ಮುಖಭಾವ, ಕಾಲುಗಳ ಬಿಗಿತ, ಹೊರಳಾಟ, ಅಳು, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ ಎಂಬುದು. ಒಂದೊಂದಕ್ಕೂ 0ಯಿಂದ 2 ಅಂಕ, ಒಟ್ಟು 10. ಇದನ್ನು ಕಲಿಸಿಕೊಡುವಂತೆ ಕೇಳಿ. ಬೆಳಿಗ್ಗೆ, ಸಂಜೆ, ಔಷಧ ಕೊಟ್ಟು ಒಂದು ಗಂಟೆಯ ನಂತರ ಬರೆದಿಡಿ. ಆಟ ಬಿಟ್ಟು ಗೋಡೆಯ ಕಡೆ ತಿರುಗಿ ಸುಮ್ಮನೆ ಮಲಗಿದ್ದರೆ ನೋವಿಲ್ಲವೆಂದು ತಿಳಿಯಬೇಡಿ. ತೀವ್ರ ನೋವಿದ್ದಾಗಲೂ ಮಕ್ಕಳು ಅಲುಗಾಡದೆ ಇದ್ದುಬಿಡುತ್ತಾರೆ.

ಕರೆಯನ್ನು ಹಗಲು ಬೆಳಕಿನಲ್ಲಿ ಮಾಡಿ. ಅಂಗಿ ಸರಿಸಿ ಎದೆ ತೋರಿಸಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ನೆಟ್‌ವರ್ಕ್ ಕೈಕೊಟ್ಟರೆ ಚಿಕ್ಕ ವಿಡಿಯೊ ಕಳುಹಿಸಿ, ಆಮೇಲೆ ಬರಿ ಕರೆಯಲ್ಲಿ ಮಾತನಾಡಿ. ಊರಿನ ಆಶಾ ಕಾರ್ಯಕರ್ತೆ ಅಥವಾ ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧದ ವಿಷಯ ಮಾತ್ರ ಬೇರೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ದೂರದಿಂದಲೇ ಚಿಕಿತ್ಸೆ) ಮಾರ್ಗಸೂಚಿಯ ಪ್ರಕಾರ ಮಾದಕ ದ್ರವ್ಯ ಕಾಯ್ದೆಯಡಿ ಬರುವ ಔಷಧಗಳನ್ನು ಕರೆಯ ಮೂಲಕ ಬರೆದುಕೊಡುವಂತಿಲ್ಲ. ಹಾಗಾಗಿ ಔಷಧ ಮುಗಿಯುವ ಮುನ್ನವೇ, ಮಗುವನ್ನು ಕರೆತರದೆ ಮನೆಯವರು ಬಂದು ಒಯ್ಯಬಹುದೇ, ಎಷ್ಟು ದಿನದ ಔಷಧ ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಚಟವಾದೀತೆಂಬ ಭಯಕ್ಕೆ ಒಂದು ಹೊತ್ತನ್ನೂ ತಪ್ಪಿಸಬೇಡಿ. ನೋವಿಗೆ ತಕ್ಕ ಪ್ರಮಾಣದಲ್ಲಿ, ಗಡಿಯಾರ ನೋಡಿ ಕೊಟ್ಟರೆ ಮಗು ನೆಮ್ಮದಿಯಾಗಿ ನಿದ್ರಿಸುತ್ತದೆ. ಜೊತೆಗೆ ಮಲಬದ್ಧತೆಗೆ ಔಷಧ ಬೇಕೇ ಬೇಕು. ಎಬ್ಬಿಸಿದರೂ ಏಳದಷ್ಟು ಮಂಪರು, ತೀರಾ ನಿಧಾನವಾದ ಉಸಿರು ಕಂಡರೆ ಮುಂದಿನ ಡೋಸ್ ಕೊಡುವ ಮುನ್ನ ಕೂಡಲೇ ಕರೆ ಮಾಡಿ.

ಎಲ್ಲವೂ ಕರೆಯಲ್ಲಿ ಆಗುವುದಿಲ್ಲ. ರಕ್ತ ಅಥವಾ ಪ್ಲೇಟ್‌ಲೆಟ್ ಕೊಡಬೇಕಾದರೆ ಆಸ್ಪತ್ರೆಗೆ ಹೋಗಲೇಬೇಕು. ಅದನ್ನು ಹಾವೇರಿಯಲ್ಲೇ ಮಾಡಿಸಬಹುದೇ ಎಂದು ಕೇಳಿ, ಪತ್ರ ಬರೆಸಿಕೊಳ್ಳಿ. ಜ್ವರ, ನಿಲ್ಲದ ರಕ್ತಸ್ರಾವ, ಅಪಸ್ಮಾರ ಬಂದರೆ ಮೊದಲು ಏನು ಕೊಡಬೇಕು, ರಾತ್ರಿ ಯಾರಿಗೆ ಕರೆ ಮಾಡಬೇಕು, 108 ಕರೆಸಬೇಕೇ ಎಂಬುದನ್ನೂ ಈಗಲೇ ಬರೆಸಿ ಗೋಡೆಗೆ ಅಂಟಿಸಿ. ನಡುರಾತ್ರಿಯಲ್ಲಿ ಯೋಚಿಸುವ ಸ್ಥಿತಿ ಯಾವ ತಾಯಿಗೂ ಇರುವುದಿಲ್ಲ.

ಪ್ರತಿ ಕರೆಯಲ್ಲಿ ಕೆಲವು ನಿಮಿಷ ನಿಮಗಾಗಿ ಕೇಳಿ ಪಡೆಯಿರಿ. ನಿಮ್ಮ ನಿದ್ದೆ, ಊಟ, ಭಯ ಎಲ್ಲವನ್ನೂ ಹೇಳಿಕೊಳ್ಳಿ. ದುಃಖ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.