ಕುಣಿ ಇಲ್ಲದ ಮಗ್ಗ

ನಮಸ್ಕಾರ.

ನಿಮ್ಮ ಕಥೆ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ಸಂಕಟವಾಯಿತು. ಇಳಕಲ್ಲಿನ ನೇಕಾರರ ಮನೆ, ಒಳಗೆ ಅವ್ವ ಕೊನೆಯುಸಿರು ಎಳೆಯುತ್ತಿದ್ದಾಳೆ, ಪಡಸಾಲೆಯಲ್ಲಿ ಅಪ್ಪ ಮಗ್ಗ ಬಿಟ್ಟು ಏಳುತ್ತಿಲ್ಲ, ಮಗ ಇಬ್ಬರ ನಡುವೆ ನಿಂತಿದ್ದಾನೆ. ಒಳ್ಳೆಯ ಕಥೆ. ಅಪ್ಪ ಮಗನ ಮಾತು ಹದವಾಗಿವೆ, ಕಾಗುಣಿತವೂ ಶುದ್ಧ. ಆದರೆ ಹೀಗೇ ಅಚ್ಚು ಹಾಕಲಾರೆ. ನನ್ನನ್ನು ಕಾಡಿದ್ದು ಮೂರು ಸಾಲು, ಮೊದಲು ಅವುಗಳ ಬಗ್ಗೆ ಬರೆಯುತ್ತೇನೆ.

ಕಥೆ ಶುರುವಾಗುವುದೇ ಹೀಗೆ: "ಮಗ್ಗವೆಂದರೆ ಬದುಕು, ಹಾಸು ವಿಧಿ, ಹೊಕ್ಕು ಮನುಷ್ಯನ ಪ್ರಯತ್ನ." ಹಾಸು ಅಂದರೆ ಮಗ್ಗದ ಉದ್ದದ ಎಳೆ, ಹೊಕ್ಕು ಅಂದರೆ ಅಡ್ಡದ ಎಳೆ. ಆದರೆ ಇದನ್ನು ಓದಿದ ಮೇಲೆ ನನಗೆ ಮಗ್ಗ ಕಾಣಲೇ ಇಲ್ಲ. ಒಂದಕ್ಕೊಂದು ಜೋಡಿ ಹಚ್ಚುತ್ತಾ ಹೋಗುವುದು ರೂಪಕ ಕಥೆಯ ದಾರಿ, ಅದೇನೂ ಕೀಳಲ್ಲ. ಪಂಚತಂತ್ರದಲ್ಲಿ ಸಿಂಹ ಬಂದ ಕೂಡಲೇ ಮಾತು ರಾಜನದ್ದು ಅಂತ ಮಕ್ಕಳಿಗೂ ಗೊತ್ತಾಗುತ್ತದೆ, ಅಲ್ಲಿ ಸಿಂಹದ ಹಲ್ಲು ನೋವು ಯಾರಿಗೂ ಬೇಕಿಲ್ಲ. ನೀವು ಬರೆದದ್ದು ಆ ಜಾತಿಯ ಕಥೆ ಅಲ್ವಲ್ಲ. ನಿಮ್ಮ ಅಪ್ಪನಿಗೆ ಬೆನ್ನು ನೋವಿದೆ, ಸಾಲ ಇದೆ, ಒಳಗೆ ಹೆಂಡತಿ ಇದ್ದಾಳೆ. ಅಂಥವನ ಮಗ್ಗ ಮೊದಲು ಮಗ್ಗ ಆಗಿರಬೇಕು. ಅದು ಸದ್ದು ಮಾಡಬೇಕು, ಜಾಗ ತಿನ್ನಬೇಕು, ಕಾಲಿಗೆ ತಾಗಬೇಕು. ಆಮೇಲೆ ಅದು ಇನ್ನೇನಾದರೂ ಆಗುವುದಿದ್ದರೆ ಓದುವವನ ಒಳಗೆ ತಾನೇ ಆಗುತ್ತದೆ. ಹೀಗೆ ಹೇಳದೆಯೇ ಹೊಳೆಯುವ ಅರ್ಥಕ್ಕೆ, ಕಾವ್ಯದ ಬಗ್ಗೆ ಬರೆದ ನಮ್ಮ ಹಿರಿಯರು ಧ್ವನಿ ಅಂದರು. ಗಂಟೆ ಬಡಿದ ಮೇಲೂ ಉಳಿಯುವ ನಾದದ ಹಾಗೆ ಅಂತ ವಿವರಿಸಿದರು. ಬಡಿಯುವುದು ನಿಮ್ಮ ಕೆಲಸ. ನಾದ ಹೀಗಿತ್ತು ಅಂತ ನೀವೇ ಹೇಳತೊಡಗಿದರೆ ಅದು ಕೇಳಿಸುವುದಿಲ್ಲ.

ಎರಡನೆಯ ಸಾಲು ನಾಲ್ಕನೇ ಪುಟದಲ್ಲಿದೆ: "ಎಳೆ ಹರಿಯಿತು. ಅದೇ ಗಳಿಗೆಗೆ ಅವ್ವನ ಉಸಿರೂ ನಿಂತಿತು. ಆ ಎಳೆ ಅವ್ವನ ಜೀವದ ಸಂಕೇತವಾಗಿತ್ತು." ನಿಮ್ಮ ಅಜ್ಜ ಮಗ್ಗದವರು ಅಂತ ಪತ್ರದಲ್ಲಿ ಬರೆದಿದ್ದೀರಿ. ಹಾಗಾದರೆ ನಿಮಗೇ ಗೊತ್ತಿರಬೇಕು, ಎಳೆ ದಿನಕ್ಕೆ ಎಷ್ಟೋ ಸಲ ಹರಿಯುತ್ತದೆ. ನೇಕಾರ ಗಾಬರಿಯಾಗುವುದಿಲ್ಲ. ತುದಿ ಹುಡುಕುತ್ತಾನೆ, ಗಂಟು ಹಾಕುತ್ತಾನೆ, ಮತ್ತೆ ಹೊಕ್ಕಿನ ನೂಲಿರುವ ಲಾಳಿ ಎಸೆಯುತ್ತಾನೆ. ಒಳಗಿನಿಂದ ಅಳು ಕೇಳಿಸಿದಾಗ ಅಪ್ಪನ ಕೈ ರೂಢಿಯಂತೆ ಗಂಟು ಹಾಕುತ್ತಲೇ ಇದ್ದಿದ್ದರೆ? ಆ ಗಂಟು ಉಳಿಯುತ್ತದೆ, ಅವ್ವ ಇಲ್ಲ. ಈ ದೃಶ್ಯ ನಿಮ್ಮ ಕಥೆಯಲ್ಲೇ ಇತ್ತು, ಸಂಕೇತದ ಅವಸರದಲ್ಲಿ ನೀವು ಅದನ್ನು ದಾಟಿಕೊಂಡು ಹೋಗಿದ್ದೀರಿ.

ಮೂರನೆಯದು ಕಿಟಕಿಯಲ್ಲಿ ಕೂತ "ಸಾವಿನ ದೂತನಾದ ಕಾಗೆ". ಆ ಸಾಲು ಹೊಡೆದು ಹಾಕಿ. ನಮ್ಮ ಕಡೆ ಕಾಗೆ ಕೂಗಿದರೆ ಬೀಗರು ಬರುತ್ತಾರೆ ಅಂತಲೂ ಅನ್ನುತ್ತಾರೆ.

ಈಗ ನನ್ನನ್ನು ನಿಜವಾಗಿ ಕೆಣಕಿದ ಮಾತಿಗೆ ಬರುತ್ತೇನೆ. ಹನ್ನೊಂದು ಪುಟದ ಕಥೆಯಲ್ಲಿ ಒಂದು ಕಡೆಯೂ ಕುಣಿ ಇಲ್ಲ. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ತಗ್ಗು, ನೇಕಾರ ಕಾಲು ಇಳಿಬಿಟ್ಟು ಕೂಡುವ ಕುಣಿ. ಅವನು ಅರ್ಧ ಆಯುಷ್ಯ ಸೊಂಟದ ತನಕ ನೆಲದೊಳಗೆ ಕಳೆಯುತ್ತಾನೆ. ಶಿಶುನಾಳ ಶರೀಫರ (1819–1889) 'ಕೋಡಗನ್ನ ಕೋಳಿ ನುಂಗಿತ್ತ' ಹಾಡು ನೀವೂ ಭಜನೆಯಲ್ಲಿ ಕೇಳಿರುತ್ತೀರಿ. ಅದರಲ್ಲಿ ಮಗ್ಗವನ್ನು ಲಾಳಿ ನುಂಗುತ್ತದೆ, ಮಗ್ಗದಲ್ಲಿದ್ದ ಅಣ್ಣನನ್ನು ಕುಣಿ ನುಂಗುತ್ತದೆ. ಕುಣಿ ಅಂದರೆ ನೇಕಾರನ ತಗ್ಗು. ಹೆಣ ಇಡುವ ತಗ್ಗಿಗೂ ನಾವು ಕುಣಿ ಅಂತಲೇ ಅನ್ನುತ್ತೇವೆ. ಶರೀಫರು ಅಲ್ಲಿ ನಿಂತು ಅರ್ಥ ಹೇಳುವುದಿಲ್ಲ, ಮುಂದಿನ ನುಡಿಗೆ ಹೋಗಿಬಿಡುತ್ತಾರೆ. ಕೋಡಗ ಅಂದರೆ ಮಂಗ, ಅದು ಮನಸ್ಸು ಅಂತ ಅರ್ಥ ಬಿಡಿಸುವವರು ಬಿಡಿಸುತ್ತಾರೆ, ಆದರೆ ಏನೂ ಬಿಡಿಸದ ಮುದುಕಿಯೂ ಆ ಸಾಲಿಗೆ ಸುಮ್ನೆ ತಲೆದೂಗುತ್ತಾಳೆ. ಯಾಕಂದರೆ ಹಾಡಿನಲ್ಲಿ ಬರುವ ಒಳ್ಳು, ಒನಕೆ, ಲಾಳಿ ಎಲ್ಲ ಅವಳ ಮನೆಯ ಸಾಮಾನು.

ನಾನೂ ಇದನ್ನು ತಡವಾಗಿಯೇ ಕಲಿತೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆಗಳು ಖಾಲಿಯಾಗುತ್ತಿದ್ದ ಕಾಲ. ನಾವೂ ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಬಂದೆವು. ಬರುವಾಗ ಅಪ್ಪ ತಲಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ತಂದಿದ್ದರು. ನಾನು ಅದರ ಮೇಲೆ ಒಂದು ಕಥೆ ಬರೆದು, ಬೆಳಗಾವಿಯ ಒಬ್ಬ ಹಿರಿಯ ಸಂಪಾದಕರ ಹತ್ತಿರ ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. "ಆ ಬಾಗಿಲು ನಮ್ಮ ನೆನಪುಗಳ ಪ್ರತೀಕವಾಗಿತ್ತು" ಅಂತ ಕೊನೆಯ ಸಾಲು. ಅದರ ಬಗ್ಗೆ ನನಗೆ ಬಹಳ ಹೆಮ್ಮೆ. ಅವರು ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಹೊಸ ಮನೆಗೆ ಆ ಬಾಗಿಲು ಕೂತಿತೇನು?"

ಕೂತಿರಲಿಲ್ಲ. ಹೊಸ ಮನೆಯ ಬಾಗಿಲ ಜಾಗ ಸಣ್ಣದು. ಅಪ್ಪ ಎರಡು ದಿನ ಅಳೆದರು, ಬಡಗಿ ಕೊಯ್ಯೋಣ ಅಂದ, ಅಪ್ಪ ಬೇಡ ಅಂದರು. ಕೊನೆಗೆ ಹಿತ್ತಲಲ್ಲಿ ನಾಲ್ಕು ಕಲ್ಲಿನ ಮೇಲೆ ಮಲಗಿಸಿದರು. ಬೇಸಿಗೆಯಲ್ಲಿ ಅವ್ವ ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ಇದನ್ನೆಲ್ಲ ಹೇಳುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ಸಂಪಾದಕರು ನನ್ನ ಕೊನೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದು, "ಈಗ ಹೇಳಿದ್ದನ್ನು ಬರಿ" ಅಂದು ಕಾಗದ ವಾಪಸ್ ಕೊಟ್ಟರು. ನಾನು ಆ ಕಥೆ ಐದು ಸಲ ತಿದ್ದಿದೆ.

ನಿಮ್ಮ ಕಥೆಯನ್ನೂ ವಾಪಸ್ ಕಳಿಸುತ್ತಿದ್ದೇನೆ. ಆ ಮೂರು ಸಾಲು ತೆಗೆಯಿರಿ, ಅಪ್ಪನನ್ನು ಕುಣಿಯಲ್ಲಿ ಕೂಡಿಸಿ. ಇನ್ನೊಂದು ವಿಷಯ ನನಗೆ ಗೊತ್ತಾಗಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ, ಅಲ್ವಾ? ಅವ್ವ ತೀರಿಕೊಂಡ ದಿನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು ಅಂತ ಬರೆದು ಮರೆತುಬಿಟ್ಟಿದ್ದೀರಿ. ಅದು ಎಲ್ಲಿಯ ತನಕ ಬಂದಿತ್ತು? ಆಮೇಲೆ ಅದನ್ನು ಯಾರು ಮುಗಿಸಿದರು, ಯಾರು ಉಟ್ಟರು?