ಅವಾರ್ಡ್ ಕೈಯಲ್ಲಿದೆ, ಹಣ ಇಲಾಖೆಯಲ್ಲಿದೆ

ಕಾನೂನು ಪ್ರಶ್ನೋತ್ತರ: ಸಿವಿಲ್ ಕಾಮಗಾರಿ ಬಾಕಿ

ಪ್ರಶ್ನೆ: ಸೇತುವೆ ಕಾಮಗಾರಿಯ ಅಂತಿಮ ಬಿಲ್ ಮತ್ತು ಭದ್ರತಾ ಠೇವಣಿಯ ತಕರಾರಿನಲ್ಲಿ ಮಧ್ಯಸ್ಥಗಾರರು ನನಗೆ 84 ಲಕ್ಷ ರೂಪಾಯಿಯನ್ನು ಶೇ. 9 ಬಡ್ಡಿ ಸಮೇತ ಕೊಡಬೇಕೆಂದು ಅವಾರ್ಡ್ ಮಾಡಿದ್ದಾರೆ. ಇಲಾಖೆ ಅದರ ಮೇಲೆ ಕೋರ್ಟಿಗೆ ಹೋಗಿದೆ. ಕೇಸ್ ಮುಗಿಯುವವರೆಗೆ ಹಣ ಕೇಳುವ ಹಾಗಿಲ್ಲ ಎನ್ನುತ್ತಾರೆ ಎಂಜಿನಿಯರ್ ಸಾಹೇಬರು. ನಿಜವೇ?
– ಗುತ್ತಿಗೆದಾರರು, ದಾವಣಗೆರೆ

ಉತ್ತರ: ನಿಜವಲ್ಲ. ಹಿಂದೆ ಹಾಗಿತ್ತು. ಮಧ್ಯಸ್ಥಿಕೆ ಕಾಯ್ದೆಗೆ 2015ರ ಅಕ್ಟೋಬರ್ 23ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ಬದಲಿಸಿತು. ಅವಾರ್ಡ್ ರದ್ದು ಕೋರುವ ಕಲಂ 34ರ ಅರ್ಜಿ ಹಾಕಿದ ಮಾತ್ರಕ್ಕೆ ಅವಾರ್ಡಿಗೆ ತಡೆ ಸಿಗುವುದಿಲ್ಲ. ಇಲಾಖೆ ಕಲಂ 36ರ ಅಡಿ ಪ್ರತ್ಯೇಕವಾಗಿ ತಡೆಯಾಜ್ಞೆ ಕೇಳಬೇಕು, ಕೊಡುವುದಾದರೆ ಕೋರ್ಟ್ ಕಾರಣ ಬರೆಯಬೇಕು. ಹಣದ ಅವಾರ್ಡ್ ಆದ್ದರಿಂದ ಠೇವಣಿ ಅಥವಾ ಜಾಮೀನಿನ ಷರತ್ತು ಸಾಮಾನ್ಯ. 'ನಾವು ಸರ್ಕಾರ, ನಮಗೆ ಠೇವಣಿ ಬೇಡ' ಎಂಬ ವಾದ ಇನ್ನು ನಡೆಯುವುದಿಲ್ಲ. ಪ್ಯಾಮ್ ಡೆವಲಪ್‌ಮೆಂಟ್ಸ್ ಮತ್ತು ಪಶ್ಚಿಮ ಬಂಗಾಳ ಸರ್ಕಾರದ ನಡುವಿನ 2019ರ ಪ್ರಕರಣದಲ್ಲಿ, ಈ ವಿಷಯದಲ್ಲಿ ಸರ್ಕಾರಕ್ಕೆ ವಿಶೇಷ ವಿನಾಯಿತಿ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದೆ.

ಮೊದಲು ಇಲಾಖೆಯ ಅರ್ಜಿಯ ದಿನಾಂಕ ನೋಡಿ. ಆ ಅರ್ಜಿ ಹಾಕಲು ಸಹಿ ಮಾಡಿದ ಅವಾರ್ಡ್ ಪ್ರತಿ ಕೈಸೇರಿದ ಮೇಲೆ ಮೂರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನೂ 30 ದಿನ. ಅದರಾಚೆಗೆ ಒಂದು ದಿನವನ್ನೂ ಕ್ಷಮಿಸುವ ಅಧಿಕಾರ ಕೋರ್ಟಿಗಿಲ್ಲ. ಮೂರು ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು, 90 ದಿನವಲ್ಲ. ಫೆಬ್ರವರಿ 12ಕ್ಕೆ ಪ್ರತಿ ತಲುಪಿದ್ದರೆ ಮೇ 12, ಕೊನೆಯ ಗಡುವು ಜೂನ್ 11. ತಿದ್ದುಪಡಿ ಕೋರಿ ಯಾರಾದರೂ ಮಧ್ಯಸ್ಥಗಾರರ ಮುಂದೆ ಕಲಂ 33ರ ಅರ್ಜಿ ಹಾಕಿದ್ದರೆ ಎಣಿಕೆ ಆ ಅರ್ಜಿ ಇತ್ಯರ್ಥವಾದ ದಿನದಿಂದ. ಇಲ್ಲೊಂದು ಎಚ್ಚರಿಕೆ: ಪ್ರತಿ ಕಚೇರಿಯ ಟಪಾಲು ವಿಭಾಗಕ್ಕೆ ಬಂದರೆ ಸಾಲದು, ಕೇಸ್ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಮುಟ್ಟಿರಬೇಕು. ಆದ್ದರಿಂದ ಕಾರ್ಯಪಾಲಕ ಎಂಜಿನಿಯರ್ ಹೆಸರಿನ ಸ್ವೀಕೃತಿ ನಿಮ್ಮ ಫೈಲಿನಲ್ಲಿರಲಿ.

ಇಲಾಖೆಗೆ ತಡೆಯಾಜ್ಞೆ ಸಿಕ್ಕಿಲ್ಲವಾದರೆ ತಡಮಾಡದೆ ಅಮಲ್ಜಾರಿ ಅರ್ಜಿ ಹಾಕಿ. ಅವಾರ್ಡ್, ದಿನಾಂಕವಾರು ಬಡ್ಡಿ ಲೆಕ್ಕ, ಇಲಾಖೆಯ ಬ್ಯಾಂಕ್ ಖಾತೆಗಳ ವಿವರ ಜೊತೆಗಿರಲಿ. ಅವಾರ್ಡಿಗೆ ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಎಷ್ಟೋ ಅರ್ಜಿಗಳು ಈ ಒಂದು ಆಕ್ಷೇಪಣೆಯಲ್ಲೇ ತಿಂಗಳುಗಟ್ಟಲೆ ನಿಲ್ಲುತ್ತವೆ. ಇಲಾಖೆ ಹಣ ಠೇವಣಿ ಇಟ್ಟರೆ ಅಲ್ಲಿಗೆ ಬಿಡಬೇಡಿ. ಬ್ಯಾಂಕ್ ಗ್ಯಾರಂಟಿ ಕೊಟ್ಟು ಆ ಹಣ ಪಡೆಯಲು ಅನುಮತಿ ಕೇಳಿ. 84 ಲಕ್ಷಕ್ಕೆ ಶೇ. 9ರಂತೆ ತಿಂಗಳಿಗೆ 63,000 ರೂಪಾಯಿ ಬಡ್ಡಿ ಏರುತ್ತದೆ. ಅದನ್ನು ಲೆಕ್ಕಹಾಕಿ ಪತ್ರ ಬರೆದರೆ ಇಲಾಖೆಯ ಲೆಕ್ಕಪತ್ರ ವಿಭಾಗವೂ ಗಮನ ಕೊಡುತ್ತದೆ.

ಇನ್ನೂ ಕೋರ್ಟ್ ನೋಟಿಸ್ ಬಾರದ ಓದುಗರು ಸಂಬಂಧಪಟ್ಟ ವಾಣಿಜ್ಯ ನ್ಯಾಯಾಲಯದಲ್ಲಿ ಕೇವಿಯಟ್ ಹಾಕಿಡಿ. ಅದು 90 ದಿನ ಊರ್ಜಿತ, ನಿಮ್ಮನ್ನು ಕೇಳದೆ ತಡೆಯಾಜ್ಞೆ ಆಗುವುದು ತಪ್ಪುತ್ತದೆ.

ಪ್ರಶ್ನೆ: ದರ ಏರಿಕೆ ಕೊಡುವುದಿಲ್ಲ ಎಂದು ಕರಾರಿನಲ್ಲಿದ್ದರೂ ಮಧ್ಯಸ್ಥಗಾರರು 40 ಲಕ್ಷದ ಅವಾರ್ಡಿನಲ್ಲಿ 11 ಲಕ್ಷ ಅದಕ್ಕೇ ಕೊಟ್ಟಿದ್ದಾರೆ. ಇಡೀ ಅವಾರ್ಡ್ ಬಿದ್ದುಹೋಗುತ್ತದೆಯೇ?
– ಉಪಗುತ್ತಿಗೆದಾರರು, ಹುಬ್ಬಳ್ಳಿ

ಉತ್ತರ: ಆ 11 ಲಕ್ಷಕ್ಕೆ ಅಪಾಯವಿದೆ, ಉಳಿದದ್ದಕ್ಕೆ ಅಷ್ಟಿಲ್ಲ. ಕೋರ್ಟ್ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಆದರೆ ಮಧ್ಯಸ್ಥಗಾರರು ಕರಾರನ್ನೇ ತಿರುಗಿಸಿ ಬರೆದರೆ ಬಿಡುವುದೂ ಇಲ್ಲ. ಸುಪ್ರೀಂ ಕೋರ್ಟಿನ 2019ರ ಸಾಂಗ್‌ಯಾಂಗ್ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಎಲ್ಲವೂ ನಿಂತಿರುವುದು ಅವಾರ್ಡಿನಲ್ಲಿ ಬರೆದ ಕಾರಣದ ಮೇಲೆ. ಜಾಗ ತಡವಾಗಿ ಕೊಟ್ಟಿದ್ದು ಎದುರು ಪಕ್ಷದ ಕರಾರು ಭಂಗ, ಅದರಿಂದಾದ ನಷ್ಟ ಇದು ಎಂದು ಬರೆದಿದ್ದರೆ ಉಳಿಯುವ ಸಾಧ್ಯತೆ ಇದೆ. ದರ ಏರಿಕೆ ಇಲ್ಲವೆಂಬ ಕಲಂ ಕರಾರಿನಲ್ಲಿದೆ ಎಂಬುದನ್ನೇ ಗಮನಿಸದೆ ಮೊತ್ತ ಹಾಕಿದ್ದರೆ ಆ ಭಾಗ ಉಳಿಯುವುದು ಕಷ್ಟ. ತಪ್ಪಾದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕಾಯಬಹುದೆಂದು 2025ರ ಏಪ್ರಿಲ್ 30ರ ಗಾಯತ್ರಿ ಬಾಲಸಾಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಎದುರು ಪಕ್ಷದ 34ರ ಅರ್ಜಿಗೆ ನೀವು ಹಾಕುವ ಆಕ್ಷೇಪಣೆಯಲ್ಲಿ ಒಂದು ಪಟ್ಟಿ ಕೊಡಿ: ಬೇಡಿಕೆ ಸಂಖ್ಯೆ, ಮೊತ್ತ, ಅವಾರ್ಡಿನ ಪ್ಯಾರಾ, ಎಂ.ಬಿ. (ಕಾಮಗಾರಿಯ ಅಳತೆ ಪುಸ್ತಕ) ಪುಟ. ಕಿರಿಯ ಎಂಜಿನಿಯರ್ ಅಳತೆ ಬರೆದು ಸಹಿ ಹಾಕಿ, ಮೇಲಿನವರು ಅದನ್ನು ಮತ್ತೆ ಅಳೆದು ನೋಡಿ ಚೆಕ್ ಮೆಷರ್‌ಮೆಂಟ್ ಮಾಡಿದ ಎಂ.ಬಿ. ಪುಟವೊಂದು ಹತ್ತು ಪತ್ರಗಳಿಗಿಂತ ಗಟ್ಟಿ. ಆದರೆ ಅದು ಮಧ್ಯಸ್ಥಗಾರರ ಮುಂದೆಯೇ ದಾಖಲಾಗಿರಬೇಕು, 34ರ ಅರ್ಜಿಯಲ್ಲಿ ಹೊಸ ಕಾಗದ ಸಾಮಾನ್ಯವಾಗಿ ಸೇರಿಸಲಾಗದು.

ಮಧ್ಯಸ್ಥಗಾರರನ್ನು ಎದುರು ಪಕ್ಷ ಒಂದೇ ನೇಮಿಸಿತ್ತೇ ಎಂದೂ ನೋಡಿ. ವಿವಾದ ಶುರುವಾದ ಮೇಲೆ ನೀವಿಬ್ಬರೂ ಲಿಖಿತವಾಗಿ ಒಪ್ಪಿರದಿದ್ದರೆ, ಕಲಂ 12(5)ರ (ಒಂದು ಪಕ್ಷದೊಂದಿಗೆ ನಂಟಿರುವವರು ಮಧ್ಯಸ್ಥಗಾರರಾಗಬಾರದು) ಕಾರಣಕ್ಕೆ ಪೂರ್ತಿ ಅವಾರ್ಡೇ ಅಲುಗಾಡಬಹುದು. ದರ ಏರಿಕೆಗಿಂತ ಇದು ದೊಡ್ಡ ಗಂಡಾಂತರ.

ಪ್ರಶ್ನೆ: ಸಿಂಗಪುರದಲ್ಲಿ ಎಲೆಕ್ಟ್ರಿಕಲ್ ಉಪಗುತ್ತಿಗೆ ಮಾಡುತ್ತೇನೆ. ಅಡ್ಜುಡಿಕೇಟರ್ (ಪಾವತಿ ತಕರಾರು ಬೇಗ ತೀರ್ಮಾನಿಸುವವರು) ನನ್ನ ಪರ ನಿರ್ಧಾರ ಕೊಟ್ಟಿದ್ದಾರೆ. ಮುಖ್ಯ ಗುತ್ತಿಗೆದಾರರು ಕೋರ್ಟಿಗೆ ಹೋಗುತ್ತೇವೆ ಎನ್ನುತ್ತಿದ್ದಾರೆ.
– ಸಿಂಗಪುರದ ಓದುಗರು

ಉತ್ತರ: ಅಲ್ಲಿನ 2004ರ ಪಾವತಿ ಭದ್ರತಾ ಕಾಯ್ದೆಯಲ್ಲಿ ಕ್ರಮವೇ ಬೇರೆ: ಮೊದಲು ಹಣ, ಆಮೇಲೆ ವಾದ. ನಿರ್ಧಾರ ರದ್ದುಮಾಡಿಸಲು ಹೋಗುವವರು ಬಾಕಿ ಮೊತ್ತವನ್ನು ಕೋರ್ಟಿನಲ್ಲಿ ಭದ್ರತೆಯಾಗಿ ಇಡಬೇಕು. ಬಿಲ್ಲಿನ ಲೆಕ್ಕ ತಪ್ಪೆಂಬುದು ಕಾರಣವಾಗದು. ಅಧಿಕಾರವ್ಯಾಪ್ತಿ, ಸಹಜ ನ್ಯಾಯದ ಉಲ್ಲಂಘನೆ, ವಂಚನೆ ಇಂಥವೇ ಬೇಕು. ಅವರು ಕಟ್ಟದಿದ್ದರೆ ಕೋರ್ಟಿನ ಅನುಮತಿ ಪಡೆದು ಡಿಕ್ರಿಯಂತೆ ಜಾರಿ ಮಾಡಿಸಿ.

ಪ್ರಶ್ನೆ: ಸಿಮೆಂಟ್ ಬ್ಲಾಕ್ ತಯಾರಿಸಿ ಪೂರೈಸುತ್ತೇನೆ. ಬಿಲ್ಡರ್ ಏಳು ತಿಂಗಳಿಂದ ಬಾಕಿ ಇಟ್ಟಿದ್ದಾರೆ.
– ತುಮಕೂರು

ಉತ್ತರ: ಕಿರು ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ಬಾಕಿ ತಕರಾರು ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಿ. ಮಾಲು ತಲುಪಿದ 15 ದಿನದಲ್ಲಿ ಲಿಖಿತ ತಕರಾರು ಬಾರದಿದ್ದರೆ ಒಪ್ಪಿದಂತೆ. ಕರಾರಿನಲ್ಲಿ ಎಷ್ಟೇ ದಿನ ಬರೆದಿದ್ದರೂ ಪಾವತಿ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಕೌನ್ಸಿಲ್ ಅವಾರ್ಡನ್ನು ಪ್ರಶ್ನಿಸಲು ಬಿಲ್ಡರ್ ಶೇ. 75 ಠೇವಣಿ ಇಡಲೇಬೇಕು, ಅದರಲ್ಲಿ ಒಂದು ಪಾಲನ್ನು ಕೇಸ್ ನಡೆಯುವಾಗಲೇ ನಿಮಗೆ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಕಟ್ಟಡ ಕಟ್ಟಿಕೊಡುವ ಇಡೀ ಗುತ್ತಿಗೆ ಈ ಕಾಯ್ದೆಗೆ ಬರುವುದಿಲ್ಲವೆಂದು ಹಲವು ಹೈಕೋರ್ಟ್ ತೀರ್ಪುಗಳಿವೆ. ನಿಮ್ಮದು ಬರೀ ಪೂರೈಕೆ ಆದ್ದರಿಂದ ಆ ತೊಡಕಿಲ್ಲ. ನೋಂದಣಿ ಪತ್ರದ ದಿನಾಂಕ ಆರ್ಡರ್‌ಗಿಂತ ಮೊದಲಿನದೇ ಎಂದು ನೋಡಿಕೊಂಡು ಅರ್ಜಿ ಹಾಕಿ.