ಚೌಡಮ್ಮನ ದೀಪ, ಸೊಸೈಟಿ ಗೋಡೆ

ಚನ್ನರಾಯಪಟ್ಟಣದ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಹನ್ನೆರಡು ದಿನ ಆಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕು ಹಾಳೆ, ಎರಡೂ ಮಗ್ಗಲು, ಒಂದು ಕಡೆಯೂ ಹೊಡೆದು ಹಾಕಿಲ್ಲ. ನಮ್ಮಲ್ಲಿ ಡಿಟಿಪಿ ಮಾಡುವ ಹುಡುಗಿ ಅಕ್ಷರ ನೋಡಿಯೇ "ಇವರು ಮೇಷ್ಟ್ರೇ ಇರಬೇಕು ಸಾರ್" ಅಂದಳು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಉಳಿದ ಓದುಗರಿಗಾಗಿ ವಿಷಯ ಏನು ಅಂತ ಹೇಳಿಬಿಡುತ್ತೇನೆ. ಹೋದ ಸಂಚಿಕೆಯಲ್ಲಿ ನಾನು ಹೀಗೆ ಬರೆದಿದ್ದೆ: ಓಟು ಕೇಳಲು ಬಂದವನು ಯಾವ ದೇವರಿಗೆ ಕೈ ಮುಗಿಯುತ್ತಾನೆ, ಮುಗಿಯುತ್ತಾನೋ ಇಲ್ಲವೋ, ಅದು ಅವನ ಮನೆ ವಿಚಾರ. ನಮಗೆ ಬೇಕಾದದ್ದು ಕೆರೆ ಹೂಳು ತೆಗೆದ ದುಡ್ಡಿನ ಲೆಕ್ಕ. ಮೇಷ್ಟ್ರಿಗೆ ಇದು ಸರಿ ಬರಲಿಲ್ಲ. ಅವರ ಪ್ರಶ್ನೆ ಇದು: "ದೇವರ ಭಯವೇ ಇಲ್ಲದವನು ಯಾರೂ ನೋಡದ ಹೊತ್ತಲ್ಲಿ ಯಾಕೆ ಕದಿಯಬಾರದು? ಪೊಲೀಸು, ಕೋರ್ಟು ಎಲ್ಲ ಹಗಲಿನ ಕಾವಲು. ರಾತ್ರಿ ಕಾವಲಿಗೆ ದೇವರೇ ಇರಬೇಕು. ಅವನನ್ನೂ ರಾಜಕೀಯದಿಂದ ಆಚೆ ಕಳಿಸಿದರೆ ಉಳಿಯುವುದೇನು?" ಇದರ ಜೊತೆಗೆ ತಮ್ಮ ತಂದೆಯವರ ಒಂದು ಸಂಗತಿ ಬರೆದಿದ್ದಾರೆ. ನಾನು ಈ ಉತ್ತರವನ್ನು ಇಷ್ಟು ಉದ್ದ ಬರೆಯುತ್ತಿರುವುದೇ ಆ ಸಂಗತಿಯ ಕಾರಣಕ್ಕೆ. ಅದು ಆಮೇಲೆ.

ಮೊದಲು ಒಂದು ತಿದ್ದುಪಡಿ. ನನ್ನನ್ನು ನಾಸ್ತಿಕ ಎಂದು ಕರೆದಿದ್ದೀರಿ. ಬೈಗುಳ ಅಂತ ತಗೊಂಡಿಲ್ಲ, ಆದರೆ ನಿಜವಲ್ಲ. ಹಾಸನಾಂಬೆ ಬಾಗಿಲು ತೆಗೆದಾಗ ಪ್ರತಿ ವರ್ಷ ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವವನು ನಾನು. ನಿಂತು ಏನು ಕೇಳಿಕೊಳ್ಳುತ್ತೇನೆ ಅನ್ನೋದು ಬೇಡ.

ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ಆಟ ಆಡಿಸುತ್ತದೆ. ಓಟಿಗೂ ಮತ ಅನ್ನುತ್ತೇವೆ, ನಂಬಿಕೆಗೂ ಮತ ಅನ್ನುತ್ತೇವೆ. ಧರ್ಮ ಅಂದರೆ ಶಾಲೆ ದಾಖಲಾತಿ ಫಾರಂನಲ್ಲಿ ತುಂಬುವುದೂ ಹೌದು, ಬದು ಒತ್ತಿದ ಪಕ್ಕದ ಹೊಲದವನನ್ನು "ಇದು ಧರ್ಮವೇನಯ್ಯಾ?" ಎಂದು ಕೇಳುವುದೂ ಹೌದು. ಹಾಗೆ ಕೇಳುವಾಗ ಅವನು ಯಾವ ಗುಡಿಗೆ ಹೋಗುತ್ತಾನೆ ಅಂತ ಯಾರೂ ವಿಚಾರಿಸುವುದಿಲ್ಲ. ನಿಮ್ಮ ಕಾಗದದಲ್ಲಿ ಧರ್ಮ ಅನ್ನುವ ಪದ ಹದಿನೇಳು ಸಲ ಬಂದಿದೆ (ಎಣಿಸಿದೆ, ಚಟ). ಅರ್ಧಕ್ಕಿಂತ ಜಾಸ್ತಿ ಸಲ ಈ ಎರಡನೇ ಅರ್ಥದಲ್ಲೇ ಬಂದಿದೆ. ಆ ಧರ್ಮದ ಮೇಲೆ ನಮ್ಮಿಬ್ಬರಿಗೂ ಜಗಳ ಇಲ್ಲ.

ಜಗಳ ಇರುವುದು ದೇವರ ಭಯದ ಮೇಲೆ. ಅದು ನಮ್ಮ ರಾಜಕೀಯದಲ್ಲಿ ಕಮ್ಮಿ ಆಗಿದೆ ಎಂದು ನೀವು ಬರೆದಿದ್ದೀರಿ. ನಾನು ಕಂಡದ್ದು ಬೇರೆ.

ಹಿಂದಿನ ಒಂದು ವಿಧಾನಸಭೆ ಚುನಾವಣೆ. ಮತದಾನಕ್ಕೆ ಇನ್ನು ಎರಡು ರಾತ್ರಿ ಇತ್ತು. ಊರಿನಲ್ಲಿ ಸೋದರತ್ತೆ ಮನೆ ಜಗಲಿ ಮೇಲೆ ಕೂತಿದ್ದೆ. ಕರೆಂಟು ಹೋಗಿತ್ತು. ಇಬ್ಬರು ಹುಡುಗರು ಬಂದರು, ಪರಿಚಯದವರೇ. ಒಬ್ಬನ ಕೈಯಲ್ಲಿ ಸ್ಟೀಲ್ ತಟ್ಟೆ. ಅದರಲ್ಲಿ ಅರಿಶಿನ, ಕುಂಕುಮ, ಎರಡು ವೀಳ್ಯದೆಲೆ, ಅಂಗೈಯಗಲದ ಒಂದು ದೇವರ ಫೋಟೋ. ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು. ಎಲೆ ಕೆಳಗೆ ಐನೂರರ ಎರಡು ನೋಟು. ಇನ್ನೊಬ್ಬ ಮೊಬೈಲ್ ಟಾರ್ಚ್ ಬಿಟ್ಟು "ಮುಟ್ಟಿ ಹೇಳಜ್ಜಿ" ಅಂದ. ಅತ್ತೆ "ತಡಿ" ಅಂತ ಒಳಗೆ ಹೋಗಿ ಕೈ ತೊಳೆದುಕೊಂಡು ಬಂದರು. ಸಗಣಿ ಮುಟ್ಟಿದ ಕೈಯಲ್ಲಿ ದೇವರ ಫೋಟೋ ಮುಟ್ಟಬಾರದಲ್ಲ. ಮುಟ್ಟಿದರು, ಹೇಳಿದರು, ನೋಟು ಸೆರಗಿಗೆ ಗಂಟು ಹಾಕಿಕೊಂಡರು.

ಮಾರನೇ ರಾತ್ರಿ ಇನ್ನೊಂದು ಪಕ್ಷದವರು ಬಂದರು. ತಟ್ಟೆ ಬೇರೆ, ಫೋಟೋ ಬೇರೆ, ನೋಟು ಜಾಸ್ತಿ. ಅತ್ತೆ ಮುಟ್ಟಲಿಲ್ಲ. "ಅವರಿಗೆ ಆಣೆ ಇಟ್ಬುಟ್ಟಿದೀನಿ ಕಣಪ್ಪ" ಅಂದರು. ಮೊದಲು ಬಂದ ಕಡೆಯವರು ಕೆರೆ ಏರಿ ರಿಪೇರಿ ದುಡ್ಡು ತಿಂದಿದ್ದಾರೆ ಅನ್ನೋದು ಊರಿಗೇ ಗೊತ್ತಿದ್ದ ಮಾತು. ಅತ್ತೆಗಂತೂ ಚೆನ್ನಾಗಿ ಗೊತ್ತಿತ್ತು, ಅವರ ಗದ್ದೆಯೇ ಆ ಏರಿ ಕೆಳಗಿತ್ತು. ಆದರೂ ಓಟು ಅವರಿಗೇ ಹಾಕಿದರು. ಯಾಕತ್ತೆ ಅಂದರೆ, "ಮಾತು ತಪ್ಪಕ್ಕಾಯ್ತದಾ?"

ಮೇಷ್ಟ್ರೇ, ಅತ್ತೆ ಜೀವನದಲ್ಲಿ ಯಾರ ಒಂದು ತೆಂಗಿನಕಾಯಿಯನ್ನೂ ಮುಟ್ಟಿದವರಲ್ಲ. ಅವತ್ತು ಆ ಹುಡುಗರು ಕೊಂಡುಕೊಂಡದ್ದು ಅವರ ಆಸೆಯನ್ನಲ್ಲ. ಆಸೆ ಇದ್ದಿದ್ದರೆ ಎರಡನೇ ತಟ್ಟೆಯನ್ನೂ ಮುಟ್ಟುತ್ತಿದ್ದರು. ಕೊಂಡುಕೊಂಡದ್ದು ಅವರ ನಿಯತ್ತನ್ನು. ದೇವರ ಭಯ ಇಲ್ಲದವರ ಮನೆಯಲ್ಲಿ ಆ ತಟ್ಟೆಗೆ ಕೆಲಸವೇ ಇಲ್ಲ. ದುಡ್ಡು ತಗೊಂಡು ಬೇಕಾದವರಿಗೆ ಓಟು ಹಾಕಿ ಬರುತ್ತಾರೆ. ನೀವು ರಾತ್ರಿ ಕಾವಲುಗಾರ ಎಂದು ಕರೆದಿರಲ್ಲ, ಆ ದೇವರನ್ನು ಇಲ್ಲಿ ಲಂಚಕ್ಕೆ ಜಾಮೀನು ನಿಲ್ಲಿಸಿದ್ದಾರೆ.

ಕಾನೂನು ಬರೆದವರಿಗೆ ಇದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ತೆಗೆದು ನೋಡಿ. ಓಟಿಗೆ ದುಡ್ಡು ಕೊಡುವುದು ಅಲ್ಲಿ ಭ್ರಷ್ಟ ನಡವಳಿಕೆ, ಅದು ಎಲ್ಲರಿಗೂ ಗೊತ್ತು. ಅದರ ಕೆಳಗೇ ಇನ್ನೊಂದಿದೆ: ದೇವರ ಕೋಪ ತಟ್ಟುತ್ತದೆ ಎಂದು ಮತದಾರರನ್ನು ನಂಬಿಸುವುದೂ ಅಷ್ಟೇ ತಪ್ಪು. ಧರ್ಮದ ಹೆಸರಲ್ಲಿ ಓಟು ಕೇಳುವುದೂ ಅದೇ ಸೆಕ್ಷನ್ನಿನಲ್ಲಿದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, 4–3ರಲ್ಲಿ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮ ಹಿಡಿದು ಕೇಳಿದರೂ ತಪ್ಪೇ ಎಂದಿತು.

ದೊಡ್ಡವರ ಆಣೆಯೂ ನೆನಪಿರಬೇಕು. 2011ರ ಜೂನ್ ತಿಂಗಳು. ಆಗಿನ ಮುಖ್ಯಮಂತ್ರಿ ಮತ್ತು ಒಬ್ಬ ಮಾಜಿ ಮುಖ್ಯಮಂತ್ರಿ, ಆರೋಪ ಪ್ರತ್ಯಾರೋಪ ಮಾಡಿಕೊಂಡು, ಧರ್ಮಸ್ಥಳದ ಮಂಜುನಾಥನ ಎದುರೇ ತೀರ್ಮಾನ ಆಗಲಿ ಎಂದು ಸವಾಲು ಹಾಕಿಕೊಂಡರು. ರಾಜ್ಯವೆಲ್ಲ ಟಿವಿ ಮುಂದೆ ಕೂತಿತ್ತು. ಇಬ್ಬರೂ ಹೋದರು, ಪೂಜೆ ಮಾಡಿಸಿದರು. ಆಣೆ ಮಾತ್ರ ಆಗಲಿಲ್ಲ. ದೇವರ ಭಯ ಇದ್ದದ್ದಕ್ಕೇ ಆಣೆ ಮಾಡಲಿಲ್ಲ ಅಂತ ನೀವು ಹೇಳಬಹುದು. ಇರಬಹುದು. ಆದರೆ ಯಾರ ಮಾತು ನಿಜ ಅನ್ನೋದು ಆ ಪ್ರಯಾಣದಿಂದ ನಮಗೆ ಗೊತ್ತಾಗಲಿಲ್ಲ ಅಲ್ವಾ?

ಈ ವಾದ ಹೊಸದೇನಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲೇ ಆಗಿದೆ. ಪೀಠಿಕೆ "ದೇವರ ಹೆಸರಿನಲ್ಲಿ" ಎಂದು ಶುರುವಾಗಲಿ ಎಂದು ಎಚ್.ವಿ. ಕಾಮತ್ ತಿದ್ದುಪಡಿ ತಂದರು. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದು, ಕಾಮಾಖ್ಯದ ಕಡೆಯವರು ನಾವು, ದೇವರಷ್ಟೇ ಯಾಕೆ, ದೇವಿ ಏನಾಗಬೇಕು ಎಂದು ಕೇಳಿದರು. ದೇವರ ಮೇಲೆ ಓಟು ಹಾಕುವ ಮುಜುಗರಕ್ಕೆ ನಮ್ಮನ್ನು ಸಿಕ್ಕಿಸಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಬಿಡಲಿಲ್ಲ. ಕೈ ಎತ್ತಿಸಿ ಎಣಿಸಿದರು. ಪರ 41, ವಿರುದ್ಧ 68. ದೇವರು ಸೋತ ಅಂತ ಓದಬೇಡಿ. ಆ 68 ಜನರೂ ನಾಸ್ತಿಕರಾಗಿರಲಿಲ್ಲ. ನಂಬುವುದು, ಬಿಡುವುದು ಒಬ್ಬೊಬ್ಬರಿಗೆ ಬಿಟ್ಟದ್ದು ಅನ್ನುವುದೇ ಅವರ ಕಡೆಯ ವಾದವಾಗಿತ್ತು. ಪ್ರಮಾಣವಚನದಲ್ಲಿ ಎರಡೂ ದಾರಿ ಇಟ್ಟರು: ದೇವರ ಹೆಸರಲ್ಲೂ ಮಾಡಬಹುದು, ದೇವರನ್ನು ಕರೆಯದೆಯೂ ಮಾಡಬಹುದು. ನಮ್ಮ ವಿಧಾನಸೌಧದಲ್ಲಿ ರೈತರ ಹೆಸರು, ಅಜ್ಜಯ್ಯನ ಹೆಸರು, ಬುದ್ಧ ಬಸವಣ್ಣರ ಹೆಸರು ಎಲ್ಲ ಬಂದಿವೆ. ಹೆಸರು ನೋಡಿ ಮುಂದೆ ಯಾರು ನೆಟ್ಟಗಿರುತ್ತಾರೆ ಅಂತ ನನಗಂತೂ ಹೇಳಲು ಬಂದಿಲ್ಲ.

ಇನ್ನು ನಿಮ್ಮ ತಾಲ್ಲೂಕಿಗೇ ಬರುತ್ತೇನೆ. ಶ್ರವಣಬೆಳಗೊಳ ನಿಮ್ಮ ಮನೆಗೆ ಎಷ್ಟು ದೂರ? ಅಲ್ಲಿ ಬೆಟ್ಟದ ಮೇಲೆ ಸುಮಾರು 58 ಅಡಿ ಎತ್ತರ ನಿಂತಿರುವವನು ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟವನು. ಅವನನ್ನು ಅಲ್ಲಿ ನಿಲ್ಲಿಸಿದ ಚಾವುಂಡರಾಯ ಗಂಗರ ಮಂತ್ರಿ, ದಂಡನಾಯಕ. ಅಂದರೆ ಪೂರ್ತಿ ರಾಜಕಾರಣಿ. ಜೈನರು ಲೋಕವನ್ನು ಮಾಡಿದ ದೇವರು ಒಬ್ಬನಿದ್ದಾನೆ ಎಂದು ಒಪ್ಪುವುದಿಲ್ಲ. ಮಾಡಿದ ಕರ್ಮ ತಾನಾಗಿ ಅಂಟುತ್ತದೆ, ಮೇಲೆ ಕೂತು ಶಿಕ್ಷೆ ಕೊಡುವವನು ಬೇಕಿಲ್ಲ. ಇದು ನಂಬಿಕೆಯೇ, ಒಪ್ಪುತ್ತೇನೆ. ಆದರೆ ನೀವು ಹೇಳುವ ದೇವರ ಭಯ ಇದರಲ್ಲಿಲ್ಲ. ಅದಿಲ್ಲದೆ ಸಾವಿರ ವರ್ಷಕ್ಕೂ ಮೇಲ್ಪಟ್ಟು ಕಳಬೇಡ, ಕೊಲ್ಲಬೇಡ ಅಂತ ನಡೆದುಕೊಂಡು ಬಂದಿದ್ದಾರೆ.

ಅದೇ ಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ನೀವೂ ನೋಡಿರುತ್ತೀರಿ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಆಯಿತು. ಎರಡೂ ಕಡೆ ಗಟ್ಟಿ ನಂಬಿಕೆಯವರೇ, ದೇವರ ಭಯಕ್ಕೋ ಕರ್ಮದ ಭಯಕ್ಕೋ ಕೊರತೆ ಇರಲಿಲ್ಲ. ವೈಷ್ಣವರಿಂದ ಅನ್ಯಾಯ ಆಗುತ್ತಿದೆ ಎಂದು ಜೈನರು ಬುಕ್ಕರಾಯನ ಹತ್ತಿರ ಹೋದರು. ಬುಕ್ಕ ಏನು ಮಾಡಿದ? ಎರಡು ದರ್ಶನಕ್ಕೂ ಭೇದ ಇಲ್ಲ ಎಂದ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ನಾವು ಭಾಷಣದಲ್ಲಿ ಹೇಳುವುದು ಇಷ್ಟನ್ನೇ. ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ (ಆಗಿನ ನಾಣ್ಯ) ಎತ್ತಬೇಕು. ಎತ್ತುವವರು ತಿರುಮಲೆಯ ತಾತಯ್ಯ. ಅಂದರೆ ವೈಷ್ಣವರ ಕಡೆಯವರೇ! ಆ ದುಡ್ಡಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲು ಇಡಬೇಕು. ಮಿಕ್ಕಿದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಇದೆಲ್ಲ ಕಲ್ಲಿನ ಮೇಲೆ, ಓದಲು ಬರುವವರು ಓದಲಿ ಅಂತ.

ನನಗೆ ಆ ಕಲ್ಲಿನಲ್ಲಿ ಜಾಸ್ತಿ ಇಷ್ಟವಾಗುವುದು ಸುಣ್ಣ. ಇವರೂ ಭಕ್ತರು, ಅವರೂ ಭಕ್ತರು, ಇನ್ನು ಚೆನ್ನಾಗಿರುತ್ತಾರೆ ಬಿಡು ಎಂದು ರಾಜ ಮನೆಗೆ ಹೋಗಲಿಲ್ಲ. ಯಾರು ದುಡ್ಡು ಎತ್ತಬೇಕು, ಯಾತಕ್ಕೆ ಖರ್ಚು ಮಾಡಬೇಕು ಎಂದು ಬರೆಸಿದ.

ನಂಬದವರೆಲ್ಲ ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ದೇವರನ್ನು ಸರ್ಕಾರಿ ಲೆಕ್ಕದಿಂದಲೇ ತೆಗೆದುಹಾಕಿದ ಸ್ಟಾಲಿನ್ ಕಾಲದ ರಷ್ಯಾದಲ್ಲಿ ಲಕ್ಷಾಂತರ ಜನ ಹಸಿವಿನಲ್ಲಿ, ಸೆರೆ ಶಿಬಿರಗಳಲ್ಲಿ ಸತ್ತರು. ನೀವು ಗಾಂಧಿಯವರ ಹೆಸರನ್ನೂ ಎತ್ತಿದ್ದೀರಿ. ರಾಜಕೀಯಕ್ಕೂ ಧರ್ಮಕ್ಕೂ ಸಂಬಂಧ ಇಲ್ಲ ಅನ್ನುವುದನ್ನು ಅವರು ಒಪ್ಪುತ್ತಿರಲಿಲ್ಲ, ನಿಜ. ಅದೇ ಗಾಂಧಿ, ದೇವರೇ ಸತ್ಯ ಎನ್ನುತ್ತಿದ್ದವರು, ಕ್ರಮೇಣ ಸತ್ಯವೇ ದೇವರು ಎಂದು ಮಾತು ತಿರುಗಿಸಿದರು. ದೇವರನ್ನು ಅಲ್ಲಗಳೆಯುವವನೂ ಸತ್ಯವನ್ನು ಅಲ್ಲಗಳೆಯುವುದಿಲ್ಲ ಎನ್ನುವುದು ಅವರ ಕಾರಣ. ಆಂಧ್ರದ ಗೋರಾ ಅವರಂಥ ಕಡು ನಾಸ್ತಿಕರನ್ನು ಸೇವಾಗ್ರಾಮಕ್ಕೆ ಕರೆಸಿಕೊಂಡು ಮಾತಾಡಿದರು. ಅಸ್ಪೃಶ್ಯತೆ ಹೋಗಬೇಕು ಅನ್ನುವಲ್ಲಿ ಇಬ್ಬರಿಗೂ ತಕರಾರು ಇರಲಿಲ್ಲ.

ನಿಮ್ಮ ರಾತ್ರಿಯ ಪ್ರಶ್ನೆ ಹಾಗೇ ಉಳಿದಿದೆ. ಯಾರೂ ನೋಡದಾಗ ಯಾಕೆ ಕದಿಯಬಾರದು? ಒಬ್ಬನಿಗೆ ದೇವರ ಭಯ, ಒಬ್ಬನಿಗೆ ಅವ್ವನ ಮುಖ ನೆನಪಾಗುತ್ತದೆ, ಇನ್ನೊಬ್ಬನಿಗೆ ಸುಮ್ನೆ ಹೇಸಿಗೆ. ಯಾವುದಾದರೂ ಸರಿ, ಕದಿಯದಿದ್ದರೆ ಸಾಕು. ಆದರೆ ಮೇಷ್ಟ್ರೇ, ನಮ್ಮ ದುಡ್ಡು ಈಗ ರಾತ್ರಿ ಹೊತ್ತು ಹೋಗುತ್ತಿಲ್ಲ. ಹಗಲು ಹನ್ನೊಂದು ಗಂಟೆಗೆ ಹೋಗುತ್ತದೆ. ಎಸ್ಟಿಮೇಟ್, ಟೆಂಡರ್, ಕೆಲಸದ ಅಳತೆ ಬರೆಯುವ ಎಂ.ಬಿ. ಪುಸ್ತಕ, ಮೂರು ಸಹಿ. ಸಹಿ ಹಾಕುವ ಮೇಜಿನ ಹಿಂದಿನ ಗೋಡೆಯಲ್ಲಿ ದೇವರ ಫೋಟೋ, ದಿನಾ ಹೊಸ ಸೇವಂತಿಗೆ ಹಾರ.

ಈಗ ನಿಮ್ಮ ತಂದೆಯವರು. ನೀವು ಬರೆದದ್ದನ್ನು ಹಾಗೇ ಹೇಳುತ್ತೇನೆ. ಅವರು ಊರಿನ ಸೊಸೈಟಿಯ ಸೆಕ್ರೆಟರಿ. ಬೆಳಿಗ್ಗೆ ಊರ ಚೌಡಮ್ಮನಿಗೆ ದೀಪ ಹಚ್ಚದೆ ಗಲ್ಲಾಪೆಟ್ಟಿಗೆ ಬೀಗ ತೆಗೆಯುತ್ತಿರಲಿಲ್ಲ. ಸಂಜೆ ಲೆಕ್ಕದಲ್ಲಿ ನಾಲ್ಕಾಣೆ ಕಮ್ಮಿ ಬಂದರೆ ಜೇಬಿನಿಂದ ಹಾಕುತ್ತಿದ್ದರು. ಗೊಬ್ಬರದ ಲಾರಿಯವನು ಕೊಡಿಸಿದ ಕಾಫಿ ಕುಡಿಯುತ್ತಿರಲಿಲ್ಲ. "ಇದೆಲ್ಲ ಚೌಡಮ್ಮನ ಭಯ, ಬೇರೇನೂ ಅಲ್ಲ" ಎಂದು ಕೆಳಗೆ ಗೆರೆ ಎಳೆದಿದ್ದೀರಿ. ನಂಬುತ್ತೇನೆ. ಅಂಥವರ ನಂಬಿಕೆಯನ್ನು ಹಗುರ ಮಾಡುವಷ್ಟು ದೊಡ್ಡವನು ನಾನಲ್ಲ.

ಆದರೆ ಮೂರನೇ ಹಾಳೆಯ ಕೆಳಗಡೆ, ಬ್ರಾಕೆಟ್ಟಿನಲ್ಲಿ, ಹೋಗುವಾಗ ಹೇಳಿದ ಹಾಗೆ ಒಂದು ಸಾಲು ಬರೆದಿದ್ದೀರಿ. ಸಂತೆ ದಿನ ಅವರು ವಾರದ ಲೆಕ್ಕವನ್ನು ಒಂದು ಹಾಳೆಗೆ ಇಳಿಸಿ, ಮೈದಾ ಅಂಟು ಹಚ್ಚಿ, ಸೊಸೈಟಿ ಗೋಡೆಗೆ ಅಂಟಿಸುತ್ತಿದ್ದರಂತೆ. ಎಷ್ಟು ಮೂಟೆ ಯೂರಿಯಾ ಬಂತು, ಯಾರಿಗೆ ಎಷ್ಟು ಹೋಯಿತು, ಉಳಿದದ್ದೆಷ್ಟು. ಓದಲು ಬರದವರಿಗೆ ನೀವೇ, ಆರನೇ ಕ್ಲಾಸಿನ ಹುಡುಗ, ಗಟ್ಟಿಯಾಗಿ ಓದಿ ಹೇಳುತ್ತಿದ್ದಿರಂತೆ.

ಚೌಡಮ್ಮನಿಗೆ ಎಲ್ಲ ಗೊತ್ತಿತ್ತಲ್ಲ. ಹಾಗಾದರೆ ಗೋಡೆಗೆ ಯಾಕೆ ಅಂಟಿಸಿದರು? ಅವರನ್ನು ಯಾರೂ ಕೇಳಿರಲಿಲ್ಲ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ತನ್ನ ದೀಪ ತನಗೆ ಸಾಕು, ಊರಿಗೆ ಸಾಲದು ಎಂದು ಅವರಿಗೆ ಅನ್ನಿಸಿರಬೇಕು. ಊರಲ್ಲಿ ಚೌಡಮ್ಮನಿಗೆ ನಡೆದುಕೊಳ್ಳದವರೂ ಗೊಬ್ಬರ ತಗೊಳ್ಳುತ್ತಿದ್ದರಲ್ವಾ? ಅವರಿಗೆ ಆ ದೀಪ ತೋರಿಸಿದರೆ ಏನು ಗೊತ್ತಾಗುತ್ತಿತ್ತು? ಯೂರಿಯಾ ಎಷ್ಟು ಉಳಿಯಿತು ಅನ್ನೋದು ಗೊತ್ತಾಗಬೇಕಾದರೆ ಹಾಳೆಯೇ ಬೇಕಿತ್ತು. ಹೋದ ಸಂಚಿಕೆಯಲ್ಲಿ ನಾನು ಕೇಳಿದ್ದೂ ಆ ಹಾಳೆಯನ್ನೇ.

ಒಂದು ವಿನಂತಿ ಇದೆ. ಅಪ್ಪನ ಟ್ರಂಕು ಇನ್ನೂ ಅಟ್ಟದ ಮೇಲಿದೆ ಎಂದು ಬರೆದಿದ್ದೀರಿ. ಅದರಲ್ಲಿ ಆ ಹಾಳೆ ಒಂದಾದರೂ ಸಿಕ್ಕರೆ, ಇಲಿ ತಿಂದಿದ್ದರೂ ಪರವಾಗಿಲ್ಲ, ನಮಗೆ ಕಳಿಸಿಕೊಡಿ. ಮುಂದಿನ ಸಂಚಿಕೆಯ ಒಳಪುಟದಲ್ಲಿ ಫೋಟೋ ಹಾಕುತ್ತೇವೆ. ಜನರ ಹೆಸರುಗಳನ್ನು ಮುಚ್ಚುತ್ತೇವೆ, ಮೂಟೆ ಲೆಕ್ಕ ಹಾಗೇ ಇರಲಿ. ಸ್ಪೀಡ್ ಪೋಸ್ಟಲ್ಲೇ ಕಳಿಸಿ. ವಾಪಸ್ ಕಳಿಸುವ ಖರ್ಚು ನಮ್ಮದು, ರಸೀದಿ ಸಮೇತ.